ಆಯುಧಪೂಜೆಯ ದಿನದ ಅಪ್‌ಗ್ರೇಡ್

ನದಿ ದಂಡೆಯ ಒಂದು ಚಿಕ್ಕ ಮಠದಲ್ಲಿ ಗುರುಪಾದಯ್ಯನವರು ಇದ್ದರು. ಊರಿಗೆಲ್ಲ ಅವರು ಅಜ್ಜಾರು. ತತ್ವಪದ ಹಾಡುತ್ತಿದ್ದರು, ವೆಬ್‌ಸೈಟ್ ಕಟ್ಟುವುದನ್ನೂ ಕಲಿಸುತ್ತಿದ್ದರು. ಅದಕ್ಕೂ ಇದಕ್ಕೂ ಏನು ಸಂಬಂಧ ಎಂದು ಕೇಳಲು ಬಂದವರನ್ನು ಊಟ ಹಾಕಿ ಕಳಿಸುತ್ತಿದ್ದರು.

ಸುತ್ತಲಿನ ಊರುಗಳ ಹಿರಿಯರು ಹಾಡಿದ ಪದಗಳನ್ನು ಅವರು ಧ್ವನಿಸಮೇತ ಒಂದು ವೆಬ್‌ಸೈಟಿನಲ್ಲಿ ಕೂಡಿಸಿದ್ದರು. ಹಾಡಿದವರಲ್ಲಿ ಬಹಳ ಮಂದಿ ಈಗಿಲ್ಲ.

ಅದರ ಮೂಲವೆಲ್ಲ ಮಠದ ಹಿಂದಿನ ಕೋಣೆಯ ಹಳೆಯ ಕಂಪ್ಯೂಟರಿನಲ್ಲಿತ್ತು. ಪುಟ ಬರೆಯುವುದರಲ್ಲಿ ಅಜ್ಜಾರು ಗಟ್ಟಿಗರು. ಆದರೆ ಆ ಕಂಪ್ಯೂಟರಿನ ಒಳಗಿನ ಏರ್ಪಾಡನ್ನು ಬಹಳ ಹಿಂದೆ ಒಬ್ಬ ಭಕ್ತ ಹಾಕಿಕೊಟ್ಟಿದ್ದ. ಇಷ್ಟು ಹಳೆಯ ಏರ್ಪಾಡು ಯುಗಾದಿಯ ನಂತರ ನಡೆಯುವುದಿಲ್ಲ ಎಂದು ಸೈಟಿಗೆ ಇಂಟರ್ನೆಟ್ಟಿನಲ್ಲಿ ಜಾಗ ಕೊಟ್ಟಿದ್ದ ಕಂಪನಿಯವರು ತಿಳಿಸಿದ್ದರು. ಅಷ್ಟರೊಳಗೆ ಹೊಸದಕ್ಕೆ ಏರಿಸದಿದ್ದರೆ ಆ ದನಿಗಳೆಲ್ಲ ನಿಂತುಹೋಗುತ್ತಿದ್ದವು.

ಆದರೂ ಅಜ್ಜಾರು ಯಾವ ಶಿಷ್ಯರನ್ನೂ ಆ ಕೋಣೆಗೆ ಬಿಟ್ಟುಕೊಳ್ಳುತ್ತಿರಲಿಲ್ಲ.

ಶಿಷ್ಯರಲ್ಲಿ ಕಾಳಮ್ಮ ಎಂಬವಳೊಬ್ಬಳು, ಬಡಿಗ ಮೌನೇಶಪ್ಪನ ಮಗಳು. ಜಾಣೆ, ಅವಸರದವಳು. ತಾನು ಜಾಣೆ ಎಂಬುದು ಅವಳಿಗೆ ಸ್ವಲ್ಪ ಹೆಚ್ಚೇ ಗೊತ್ತಿತ್ತು.

"ಅಜ್ಜಾರ, ನಾ ಅಪ್‌ಗ್ರೇಡ್ ಮಾಡ್ತೀನ್ರಿ," ಎಂದಳು.

"ಮೊದಲ ನಿಮ್ಮನಿ ಕಂಪ್ಯೂಟರಿನಾಗ ಮಾಡಿ ಬಾ."

ಅವಳ ಮನೆಯಲ್ಲೂ ಅಂಥದೇ ಏರ್ಪಾಡಿತ್ತು. ಪುಟಗಳನ್ನು ತೋರಿಸುವುದಕ್ಕೆ ಸರ್ವರ್, ಹಾಡುಗಳನ್ನು ಇಟ್ಟುಕೊಳ್ಳುವುದಕ್ಕೆ ಡೇಟಾಬೇಸ್, ಎರಡರ ನಡುವೆ ಓಡಾಡುವ ಪಿಎಚ್‌ಪಿ. ಅಭ್ಯಾಸಕ್ಕೆಂದು ಅಜ್ಜಾರು ಕೊಟ್ಟ ಕೆಲವು ಪದಗಳೂ ಅದರಲ್ಲಿದ್ದವು. ಯಾವುದನ್ನೂ ಅವಳು ಕಟ್ಟಿದ್ದಲ್ಲ. ಅಜ್ಜಾರು ಪೆನ್‌ಡ್ರೈವಿನಲ್ಲಿ ಹಾಕಿಕೊಟ್ಟ ಏರ್ಪಾಡನ್ನೇ ತಂದು ಹಾಗೇ ಇಳಿಸಿಕೊಂಡಿದ್ದಳು.

ಒಳ್ಳೆಯ ಕೆಲಸಕ್ಕೆ ಒಳ್ಳೆಯ ದಿನ ಎಂದುಕೊಂಡು, ಆಯುಧಪೂಜೆಯ ಬೆಳಿಗ್ಗೆ ತಲೆಗೆ ನೀರು ಹಾಕಿಕೊಂಡು ಕೂತು ಮೂರನ್ನೂ ಒಟ್ಟಿಗೇ ಅಪ್‌ಗ್ರೇಡಿಗೆ ಹಚ್ಚಿದಳು. ಪೂಜೆಯ ಹೊತ್ತಿಗೆ ಮುಗಿದೀತು ಎಂಬ ಧೈರ್ಯ.

ಮುಗಿಯಲಿಲ್ಲ. ಮೌನೇಶಪ್ಪ ಬಾಚಿ, ಉಳಿ, ಗರಗಸಗಳನ್ನು ತೊಳೆದು ಸಾಲಾಗಿ ಇಟ್ಟಿದ್ದ. ಪೂಜೆಯ ಹೊತ್ತಿನಲ್ಲಿ ಅವನ ಮನೆಯಲ್ಲಿ ಯಾವ ಹತ್ಯಾರವೂ ದುಡಿಯುವಂತಿಲ್ಲ. ಮಗಳು ಹೂ ತರಲು ಹೋಗಿದ್ದಾಗ ಕಂಪ್ಯೂಟರ್ ಇನ್ನೂ ಗುಂಯ್‌ಗುಡುತ್ತಿರುವುದನ್ನು ಕಂಡ. ಭಕ್ತಿಯಿಂದಲೇ ಪ್ಲಗ್ ಕಿತ್ತು, ಪರದೆಗೆ ಕುಂಕುಮ ಹಚ್ಚಿ, ಚೆಂಡುಹೂವಿನ ಮಾಲೆ ಹಾಕಿದ.

ಪೂಜೆ ಮುಗಿದ ಮೇಲೆ ನೋಡಿದರೆ ಅರ್ಧ ಹೊಸದು, ಅರ್ಧ ಹಳೆಯದು. ಒಂದು ಪುಟವೂ ತೆರೆಯಲಿಲ್ಲ.

ಕಾಳಮ್ಮ ಅಳುತ್ತ ಮಠಕ್ಕೆ ಬಂದಳು. ಎಲ್ಲ ಹೋಯಿತು, ಅಪ್ಪನೇ ಕೆಡಿಸಿದ ಎಂದಳು.

"ನಿಮ್ಮಪ್ಪ ಹತ್ಯಾರಕ್ಕ ಸೂಟಿ ಕೊಟ್ಟ. ಸೂಟಿ ದಿನ ಅದನ್ನ ದುಡಿಯಾಕ ಹಚ್ಚಿದಾಕಿ ನೀ," ಎಂದರು ಅಜ್ಜಾರು. "ಹೋದದ್ದು ಇರ್ಲಿ. ಉಳದದ್ದೇನು?"

ಅವಳು ಮೂಗು ಒರೆಸಿಕೊಂಡು ಯೋಚಿಸಿದಳು. ಪುಟಗಳ, ಹಾಡುಗಳ ಒಂದು ಪ್ರತಿಯನ್ನು ಶುರು ಮಾಡುವ ಮೊದಲೇ ಬೇರೆ ಕಡೆ ತೆಗೆದಿಟ್ಟಿದ್ದಳು.

"ಹಂಗ ಮಾಡಂತ ಯಾರ್ ಹೇಳಿದ್ರು?"

"ಯಾರೂ ಹೇಳಿಲ್ರಿ. ಹೆದರಿಕಿ ಆತು, ಇಟ್ಟೆ."

ಅಜ್ಜಾರಿಗೆ ಸಂತೋಷವಾಯಿತು. ಅದನ್ನು ಅವಳಿಗೆ ತೋರಿಸಬಾರದೆಂದು ನದಿಯ ಕಡೆ ಮುಖ ಮಾಡಿದರು.

ಮೊದಲಿನಂತೆ ಪೆನ್‌ಡ್ರೈವಿನಲ್ಲಿ ಏರ್ಪಾಡು ಕೊಟ್ಟರೆ ಸಂಜೆಯೊಳಗೆ ಸರಿಮಾಡಿಕೊಳ್ಳುತ್ತೇನೆ ಎಂದು ಅವಳು ಕೇಳಿದಳು. ಕೊಡುವುದಿಲ್ಲ, ನಿನ್ನದನ್ನು ನೀನೇ ಕಟ್ಟಿಕೋ ಎಂದರು. ಕಟ್ಟಲು ತನಗೆ ಬರುವುದಿಲ್ಲ ಎಂದಳು.

"ತಪ್ಪಾದಾಗ ಕಂಪ್ಯೂಟರ್ ಏನೋ ಬರದು ತೋರಸ್ತೈತಲ್ಲ, ಅದನ್ನ ಏನ್ ಮಾಡ್ತಿ?"

"ಮುಚ್ಚಿಬಿಡ್ತೀನ್ರಿ."

"ಓದು," ಎಂದು ಅಜ್ಜಾರು ಎದ್ದು ಹೋದರು.

ಕಾಳಮ್ಮನಿಗೆ ಸಿಟ್ಟು ನೆತ್ತಿಗೇರಿತು. ಅದೇ ಸಿಟ್ಟಿನಲ್ಲಿ ಮನೆಗೆ ಹೋಗಿ ಅರೆಬರೆ ಏರ್ಪಾಡನ್ನೆಲ್ಲ ಕಿತ್ತುಹಾಕಿದಳು. ಮೊದಲು ಸರ್ವರ್ ಒಂದನ್ನೇ ಹಾಕಿ, ಅದು ಒಂದು ಖಾಲಿ ಪುಟ ತೋರಿಸುವ ತನಕ ಬೇರೆ ಏನನ್ನೂ ಮುಟ್ಟಲಿಲ್ಲ. ಆಮೇಲೆ ಪಿಎಚ್‌ಪಿ. ಅದು ಸರಿಹೋದ ಮೇಲೆ ಡೇಟಾಬೇಸ್. ತಪ್ಪು ಬಂದಾಗಲೆಲ್ಲ ಬೈದುಕೊಂಡು ಓದಿದಳು. ಕೆಲವು ದಿನಗಳ ಮೇಲೆ ಬೈಯುವುದು ಮರೆತೇಹೋಯಿತು.

ಕೊನೆಗೆ ತೆಗೆದಿಟ್ಟ ಪ್ರತಿಯಿಂದ ಹಾಡುಗಳನ್ನು ತುಂಬಿದಾಗ ಪುಟ ತೆರೆಯಿತು. ಆದರೆ ಹಾಡಿನ ಅಕ್ಷರ ಇರಬೇಕಾದಲ್ಲೆಲ್ಲ ಬರೀ ಪ್ರಶ್ನೆ ಚಿಹ್ನೆಗಳು.

ಹಿಂದೆ ನಿಂತಿದ್ದ ಮೌನೇಶಪ್ಪ, ಅಜ್ಜಾರನ್ನು ಕರೆದುಕೊಂಡು ಬರಲೇ ಎಂದು ಕೇಳಿದ. ಬೇಡ ಎಂದಳು. ಇಲ್ಲಿ ಬರುವುದು ಕನ್ನಡ ಎಂದು ಹೊಸ ಡೇಟಾಬೇಸಿಗೆ ಯಾರೂ ಹೇಳಿರಲಿಲ್ಲ. ಹೇಳಬೇಕಾದವಳು ತಾನೇ ಎಂದು ಅವಳಿಗೆ ಹೊಳೆದದ್ದು ಆಗ. ಅದನ್ನು ಖಾಲಿ ಮಾಡಿ, ಕನ್ನಡಕ್ಕೆ ಹೊಂದಿಸಿ, ತೆಗೆದಿಟ್ಟ ಪ್ರತಿಯಿಂದ ಹಾಡುಗಳನ್ನು ಮತ್ತೆ ತುಂಬಿದಳು.

ಅಕ್ಷರ ಬಂತು. ದನಿಯೂ ಬಂತು. ಮೌನೇಶಪ್ಪ ಕೈಯಲ್ಲಿದ್ದ ಕೆಲಸ ಬಿಟ್ಟು ಕೂತು ಇಡೀ ಪದ ಕೇಳಿದ. ಮರುದಿನ, ಇದು ನನ್ನ ಮಗಳು ಕಟ್ಟಿದ್ದು ಎಂದು ಓಣಿಗೆಲ್ಲ ಹೇಳಿಕೊಂಡು ಬಂದ. ಪ್ಲಗ್ ಕಿತ್ತ ಸಂಗತಿಯನ್ನು ಮಾತ್ರ ಯಾರಿಗೂ ಹೇಳಲಿಲ್ಲ.

ಕಾಳಮ್ಮ ಕಂಪ್ಯೂಟರನ್ನು ಅಪ್ಪನ ಸೈಕಲ್ಲಿಗೆ ಕಟ್ಟಿಕೊಂಡು ಮಠಕ್ಕೆ ತಂದಳು. ಅಜ್ಜಾರು ಪರದೆಯನ್ನು ನೋಡಲೇ ಇಲ್ಲ.

"ಎಲ್ಲಾ ತಗದು ಹಾಕಿ ಮತ್ತ ಕಟ್ಟು," ಎಂದರು.

ಅವಳು ಸಿಟ್ಟಾಗಲಿಲ್ಲ. ತೆಗೆದಿಟ್ಟ ಪ್ರತಿ ಸರಿಯಾಗಿದೆಯೇ ಎಂದು ಮೊದಲು ನೋಡಿಕೊಂಡಳು. ಆಮೇಲೆ ಎಲ್ಲವನ್ನೂ ಅಳಿಸಿ, ಅವರೆದುರೇ ಕೂತು, ಯಾರನ್ನೂ ಏನನ್ನೂ ಕೇಳದೆ ಮತ್ತೆ ಕಟ್ಟಿದಳು. ಮಧ್ಯಾಹ್ನದ ಪ್ರಸಾದದ ಹೊತ್ತಿಗೆ ಹಾಡು ಕೇಳಿಸಿತು.

ಅಜ್ಜಾರು ಎದ್ದು ಹಿಂದಿನ ಕೋಣೆಯ ಬಾಗಿಲು ತೆರೆದರು. ಹಳೆಯ ಕಂಪ್ಯೂಟರಿನ ಮೇಲಿನ ಬಟ್ಟೆ ತೆಗೆದು, ಕುರ್ಚಿ ಎಳೆದು ಅವಳನ್ನು ಕೂಡಿಸಿದರು. ಅವರ ಕಣ್ಣು ತುಂಬಿತ್ತು. ಹೆಮ್ಮೆಯನ್ನು ಮುಚ್ಚಿಡುವ ಗೋಜಿಗೆ ಈ ಸಲ ಹೋಗಲಿಲ್ಲ.

ಕಾಳಮ್ಮ ಮೊದಲು ಎಲ್ಲದರ ಪ್ರತಿ ತೆಗೆದಿಟ್ಟಳು. ಆದರೂ ಮುಂದಿನ ಗುಂಡಿ ಒತ್ತಲು ಕೈ ಬರಲಿಲ್ಲ. ತೀರಿಹೋದವರ ದನಿಗಳೆಲ್ಲ ಅದರಲ್ಲಿದ್ದವು.

"ಅಜ್ಜಾರ, ಕೆಟ್ಟರೇನ್ ಮಾಡೂದ್ರಿ?"

"ಕೆಟ್ಟರ ಮತ್ತ ಕಟ್ಟಾವರು ಈ ಮಠದಾಗ ಒಬ್ಬರಾ ಅದಾರ, ತಂಗಿ. ಅದು ನಾ ಅಲ್ಲ."