ಯಾರೂ ನೋಡದ ಗ್ರಂಥ

ಹೊಳೆ ದಂಡೇಲಿ ಒಂದು ಆಶ್ರಮ. ಅಲ್ಲಿ ಯಾರೇ ಪುಸ್ತಕ ಬರೆದ್ರೂ ಕೊನೇ ಹಾಳೇಲಿ ಒಂದು ಪಟ್ಟಿ ಇರ್ಲೇಬೇಕು. ಏನೇನು ಓದಿ ಬರೆದೆ, ಯಾವ ಮಾತು ಯಾರದ್ದು, ಎಲ್ಲಾ ಅದರಲ್ಲಿ ಹಾಕ್ಬೇಕು. ಆಧಾರದ ಪಟ್ಟಿ ಅಂತಿದ್ರು ಅದಕ್ಕೆ.

ಒಳ್ಳೇ ಪದ್ಧತೀನೇ. ಆದ್ರೆ ಹುಣ್ಣಿಮೆ ಸಭೆಗೆ ಬರೋ ದೊಡ್ಡ ಮನುಷ್ಯರು ಪುಸ್ತಕ ಕೈಗೆ ಕೊಟ್ರೆ ಹಿಂದ್ಗಡೆಯಿಂದ ತೆಗೀತಿದ್ರು. ಪಟ್ಟಿ ಉದ್ದ ಇದ್ರೆ ತಲೆ ಆಡಿಸೋರು. ಒಳಗೇನಿದೆ ಅಂತ ಓದೋ ತಾಳ್ಮೆ ಯಾರಿಗಿತ್ತು?

ಸೋಮಯ್ಯ ಅನ್ನೋ ಶಿಷ್ಯ ಇದನ್ನ ಚೆನ್ನಾಗಿ ಕಂಡ್ಕೊಂಡಿದ್ದ. ಉಪವಾಸದ ಮೇಲೆ ಒಂದು ಪುಸ್ತಕ ಬರೆದ. ಸಭೆ ಒಪ್ಪಿದ್ರೆ ಆಚೆ ದಡದ ಆಶ್ರಮಕ್ಕೆ ಇವನೇ ಹಿರಿಯ. ಒಪ್ಪೋದಿರ್ಲಿ, ಪುಸ್ತಕಕ್ಕೆ ರಟ್ಟು ಕಟ್ಟಿದ ದಿನದಿಂದ್ಲೇ ಅವನ ನಡಿಗೆ ಬದಲಾಯ್ತು.

ಆ ಪುಸ್ತಕದಲ್ಲಿ ಒಂದು ಮಾತಿತ್ತು. ಏಳು ದಿನ ನೀರು ಮುಟ್ಟದಿದ್ರೂ ದೇಹಕ್ಕೆ ಏನೂ ಆಗಲ್ಲ, ಹಳೇ ರೋಗ ಬೇರುಸಮೇತ ಸುಟ್ಟುಹೋಗುತ್ತೆ ಅಂತ. ಸೋಮಯ್ಯ ಅದನ್ನ ಎತ್ಕೊಂಡಿದ್ದು ಗುರುಗಳು ಪ್ರಾಯದಲ್ಲಿ ಬರೆದ ಪುಸ್ತಕದಿಂದ. ಅಲ್ಲಿ ಗುರುಗಳು, ಇದು ನಿರ್ಜಲಚಂದ್ರಿಕೆ ಅನ್ನೋ ಹಳೇ ಗ್ರಂಥದಲ್ಲಿದೆ ಅಂತ ಹಾಕಿದ್ರು.

ಗುರುಗಳ ಪುಸ್ತಕದಲ್ಲಿ ಓದಿದೆ ಅಂತ ಬರೆದ್ರೆ ತನ್ನ ದೊಡ್ಡಸ್ತಿಕೆ ಏನು ಉಳೀತು? ಗುರುಗಳ ಹೆಸರು ಬಿಟ್ಟ. ನಿರ್ಜಲಚಂದ್ರಿಕೇನ ತಾನೇ ಬಿಚ್ಚಿ ಓದಿದೋನ ಹಾಗೆ ಪಟ್ಟಿಗೆ ಸೇರಿಸ್ದ.

ಪುಸ್ತಕ ಪೂರ್ತಿ ಓದಿದ್ದು ಒಬ್ಬಳೇ. ಅಡುಗೆಮನೆ ದ್ಯಾವಕ್ಕ. ಗುರುಗಳ ಪುಸ್ತಕಾನೂ ಅವಳು ಹಿಂದೆ ಓದಿದ್ಲು. ಅವಳಿಗೆ ಎಷ್ಟೋ ವರ್ಷದಿಂದ ಹೊಟ್ಟೆ ಉರಿ. ಗುರುಗಳು ಊರೂರು ತಿರುಗೋಕೆ ಹೋಗಿದ್ದಾಗ ಅವಳು ನೀರು ಬಿಟ್ಟು ಕೂತ್ಲು.

ಮೊದಲ್ನೇ ದಿನ ಸೋಮಯ್ಯನಿಗೆ ಒಳಗೊಳಗೇ ಖುಷಿ. ಎರಡ್ನೇ ದಿನ ಅವಳ ಕಣ್ಣು ಗುಳಿ ಬಿತ್ತು, ಇವನಿಗೆ ಊಟ ಸೇರ್ಲಿಲ್ಲ. ಮೂರ್ನೇ ದಿನ ಅವಳ ಬಾಗಿಲ ತನಕ ಹೋಗಿ ವಾಪಸ್ ಬಂದ. ಹುಣ್ಣಿಮೆಗೆ ಉಳಿದಿದ್ದು ಎರಡೇ ದಿನ. ಬಾಯಿ ಬಿಟ್ರೆ ಪುಸ್ತಕ ಹೋಯ್ತು.

ನಾಲ್ಕ್ನೇ ದಿನ ಮಧ್ಯಾಹ್ನ ಗುರುಗಳು ಬಂದ್ರು. ದ್ಯಾವಕ್ಕ ಜಗಲಿ ಮೇಲೆ ಚಾಪೆ ಹಾಸ್ಕೊಂಡು ಮಲಗಿದ್ಲು. ತುಟಿ ಬಿರುಕು ಬಿಟ್ಟಿತ್ತು. ಸುತ್ತ ಆಶ್ರಮದೋರೆಲ್ಲ ನಿಂತಿದ್ರು. ನಿಲ್ಲೋಕೆ ಏನು, ಎಲ್ರಿಗೂ ಬರುತ್ತೆ.

ಗುರುಗಳು ಕಾಲು ಸಹ ತೊಳೀಲಿಲ್ಲ. ಚೊಂಬಿನ ನೀರು ತಗೊಂಡು ಅವಳ ಪಕ್ಕ ಕೂತು ಕುಡಿ ಅಂದ್ರು. ಅವಳು ಮುಖ ತಿರುಗಿಸಿದ್ಲು.

"ಇನ್ನು ಮೂರೇ ದಿನ ಬುದ್ಧಿ. ನಿಮ್ಮ ಒಬ್ಬರ ಪುಸ್ತಕದಾಗೇ ಇದ್ದಿದ್ರೆ ನಾನೂ ಅನುಮಾನ ಪಡ್ತಿದ್ದೆ. ಸೋಮಯ್ಯನೂ ಆ ಗ್ರಂಥ ನೋಡವ್ನೆ. ಇಬ್ರು ನೋಡಿರೋದು ಸುಳ್ಳಾಯ್ತದಾ?"

ಗುರುಗಳು ಚೊಂಬು ಹಿಡ್ಕೊಂಡೇ ನಿಧಾನಕ್ಕೆ ಸೋಮಯ್ಯನ ಕಡೆ ತಿರುಗಿದ್ರು.

"ನೀನು ನೋಡಿದ್ಯಾ?"

ಎಲ್ರ ಕಣ್ಣೂ ಅವನ ಮೇಲೆ. ಸೋಮಯ್ಯ ನೋಡಿದೀನಿ ಬುದ್ಧಿ ಅಂದ.

ಎಲ್ಲಿ ಅಂತ ಕೇಳಿದ್ರು. ಹೊಳೆ ಕೆಳಗಿನ ಊರಲ್ಲಿ ಒಬ್ಬ ಪಂಡಿತರ ಮನೇಲಿ ಅಂದ.

ದ್ಯಾವಕ್ಕ ಇದನ್ನ ಕೇಳಿ ತುಟಿ ಬಿಗಿ ಮಾಡಿದ್ಲು.

ಎಷ್ಟು ದಪ್ಪ ಇತ್ತು ಅಂದ್ರು. ನಾಲ್ಕು ಬೆರಳು ಜೋಡಿಸಿ ತೋರಿಸ್ದ. ಯಾವುದರಲ್ಲಿ ಕಟ್ಟಿಟ್ಟಿದ್ರು ಅಂದ್ರು. ಕೆಂಪು ಬಟ್ಟೇಲಿ ಅಂದ. ಸುಳ್ಳು ಹೇಳೋಕೆ ಶುರು ಮಾಡಿದ್ಮೇಲೆ ಬಣ್ಣಕ್ಕೇನು ಬರ?

ಅವನು ಒಂದೊಂದು ಹೇಳ್ದಾಗ್ಲೂ ಅವಳ ಹಲ್ಲು ಇನ್ನಷ್ಟು ಕಚ್ಕೋತು. ಗುರುಗಳು ತುಟಿಗೆ ಹಿಡಿದ ನೀರು ಗದ್ದದ ಮೇಲಿಂದ ಹರಿದು ಚಾಪೆಗೆ ಹೋಯ್ತು.

ಗುರುಗಳ ಮುಖ ಬೂದಿ ಆಗಿತ್ತು. ನನ್ನ ಮೇಲೆ ಸಿಟ್ಟು ಅಂದ್ಕೊಂಡ ಸೋಮಯ್ಯ. ಆದ್ರೆ ಅವರು ಇವನನ್ನ ನೋಡ್ತಾನೇ ಇರ್ಲಿಲ್ಲ. ಹೊಳೆ ಕಡೆ ನೋಡ್ತಿದ್ರು.

ಅಷ್ಟರಲ್ಲಿ ದ್ಯಾವಕ್ಕನ ಕೈ ಚಾಪೆಯಿಂದ ಜಾರಿ ನೆಲಕ್ಕೆ ಬಿತ್ತು. ಬೆರಳು ಒಂದ್ಸಲ ಕೆರೆದು ಸುಮ್ನಾಯ್ತು.

ಹತ್ತು ವರ್ಷ ಅದೇ ಕೈ ಅವನಿಗೆ ಮುದ್ದೆ ಬಡಿಸಿತ್ತು.

ಸೋಮಯ್ಯ ಹೋಗಿ ಅವಳ ಪಕ್ಕ ಮಂಡಿ ಊರಿದ.

"ಅಕ್ಕಾ, ನಾನು ನೋಡಿಲ್ಲ. ಪಂಡಿತರೂ ಇಲ್ಲ, ಕೆಂಪು ಬಟ್ಟೇನೂ ಇಲ್ಲ. ಬುದ್ಧಿಯವರ ಪುಸ್ತಕದಿಂದ ಹೆಸರು ಎತ್ತಿ ಹಾಕ್ದೆ. ಅವರು ಹೇಳಿದ್ದನ್ನೇ ನಾನು ಹೇಳಿದ್ದು. ನಾವು ಇಬ್ರಲ್ಲ."

ಹಿಂದೆ ಯಾರೋ ಕಿಸಕ್ ಅಂದ್ರು. ಆಚೆ ದಡದ ಆಶ್ರಮ ಅಲ್ಲಿಗೆ ಮುಗೀತು, ಅದು ಅವನಿಗೂ ಗೊತ್ತಾಯ್ತು. ಅವನು ತಲೆ ಎತ್ಲಿಲ್ಲ.

ದ್ಯಾವಕ್ಕ ಕಣ್ಣು ತೆಗೆದ್ಲು. ಅವನನ್ನ ಒಂದು ಗಳಿಗೆ ನೋಡಿದ್ಲು. ಆಮೇಲೆ ಕಣ್ಣು ಗುರುಗಳ ಕಡೆ ಹೋಯ್ತು.

"ಹೋಗ್ಲಿ. ನೀವಾದ್ರೂ ನೋಡಿದೀರಲ್ಲ ಬುದ್ಧಿ."

ನಲವತ್ತು ವರ್ಷದಿಂದ ಗುರುಗಳ ಪುಸ್ತಕಾನ ಕಣ್ಣಿಗೊತ್ಕೊಂಡು ಓದಿದೋರೆಲ್ಲ ಅಲ್ಲೇ ನಿಂತಿದ್ರು.

"ಇಲ್ಲ ದ್ಯಾವಕ್ಕ," ಅಂದ್ರು ಗುರುಗಳು. "ಅಂಥ ಗ್ರಂಥ ಎಲ್ಲೂ ಇಲ್ಲ. ಆಗ ನಾನಿನ್ನೂ ಹುಡುಗ, ನನ್ನ ಮಾತು ಯಾರೂ ನಂಬಲ್ಲ ಅಂದ್ಕೊಂಡು ಆ ಹೆಸರು ನಾನೇ ಕಟ್ಟಿದೆ."

ಸೋಮಯ್ಯ ಆಗ ತಲೆ ಎತ್ತಿ ಗುರುಗಳನ್ನ ನೋಡ್ದ. ಯಾರೂ ಕಿಸಕ್ ಅನ್ನಲಿಲ್ಲ.

ಗುರುಗಳು ಮತ್ತೆ ಚೊಂಬು ಎತ್ತಿದ್ರು. ಅವಳು ಬಾಯಿ ತೆಗೀಲಿಲ್ಲ. ಇಬ್ಬರ ಮುಖಾನೂ ಸರದಿ ಮೇಲೆ ನೋಡಿದ್ಲು. ಸಾಯೋಕೆ ಬಿದ್ದಿದ್ರೂ ಆ ನೋಟದ ಖಾರ ಕಮ್ಮಿ ಆಗಿರ್ಲಿಲ್ಲ.

"ನೀರು ಬೇಡ ಅನ್ನೋಕೆ ಒಂದು ಗ್ರಂಥ ಕಟ್ಟಿದ್ರಿ," ಅಂದ್ಲು, ಒಂದೊಂದೇ ಮಾತು ಎಳೆದು. "ಈಗ ಕುಡಿ ಅಂತೀರಿ. ಇದಕ್ಕೇನು ಆಧಾರ?"

ಗುರುಗಳು ಚೊಂಬನ್ನ ಅವಳ ತುಟಿಗೆ ತಂದ್ರು.

"ನಿನ್ನ ಒಣಗಿದ ನಾಲಿಗೆ. ನನ್ನ ಬಿಟ್ಟು ಅದನ್ನ ಕೇಳು."