ಮನೇಲೇ ಮಾಡಿದ ದೊರೆ

ನಮ್ಮ ಹಿತ್ಲಿಗೂ ಅರಮನೆ ಹಿತ್ಲಿಗೂ ನಡುವೆ ಇದ್ದದ್ದು ಒಂದು ಕಳ್ಳಿಬೇಲಿ. ಅಲ್ಲಿ ಯಾರಾದ್ರೂ ಸೀನಿದ್ರೆ ನಾವು ಇಲ್ಲಿಂದ "ನೂರ್ಕಾಲ ಬಾಳಪ್ಪ" ಅಂತಿದ್ವಿ. ಅದಕ್ಕೇ ಈ ಸಂಗ್ತಿ ನನ್ನಷ್ಟು ಸರಿಯಾಗಿ ಯಾರಿಗೂ ಗೊತ್ತಿಲ್ಲ.

ನಮ್ಮ ಕೋಡಿಹಟ್ಟಿ ದೊರೆ ಸರ್ಜಪ್ಪನಾಯಕರಿಗೆ ಒಂದಿನ ಉಳಿತಾಯದ ಹುಚ್ಚು ಹಿಡೀತು. ದರ್ಬಾರಲ್ಲಿ ಎದೆ ಉಬ್ಬಿಸ್ಕೊಂಡು ನಿಂತ್ರು.

"ನನ್ನ ಅರಮನೇಲಿ ಇನ್ಮೇಲೆ ಒಂದು ಕಡ್ಡೀನೂ ದಂಡ ಆಗಲ್ಲ! ತೆಂಗಿನ ಚಿಪ್ಪು ಸೌಟಾಯ್ತು. ಹಳೇ ಸೀರೆ ಬಾವಿ ಹಗ್ಗ ಆಯ್ತು. ಅಕ್ಕಿ ತೊಳೆದ ನೀರು ಬದನೆ ಗಿಡಕ್ಕೆ ಹೋಯ್ತು. ಎಲ್ಲಾ ನನ್ನ ಕೈಯಾರೆ!"

ಆ ಸೀರೆ ಹಳೇದೂ ಅಲ್ಲ, ಮಣ್ಣೂ ಅಲ್ಲ. ರಾಣಿಗೆ ತೌರಿನವರು ಉಡಿಸಿ ಕಳಿಸಿದ್ದು. ಅವಮ್ಮ ಮೂರು ದಿನ ದೊರೆ ಹತ್ರ ಮಾತಾಡ್ಲಿಲ್ಲ. ಬಾಯಿ ಮಾತೂ ಉಳಿತಾಯವೇ ಅಂತ ದೊರೆ ಖುಷಿಪಟ್ರು.

ಆಮೇಲೆ ತಾವೇ ತಿಗರಿ ತಿರುಗಿಸಿ ಒಂದು ಮಡಕೆ ಮಾಡಿದ್ರು. ಬೇಯಿಸೋಕೆ ಸೌದೆ ದಂಡ ಅಂತ ಬಿಸಿಲಲ್ಲಿ ಒಣಗಿಸಿದ್ರು. ಅದರಲ್ಲೇ ಮಜ್ಜಿಗೆ ತುಂಬಿಸಿ ದರ್ಬಾರಿಗೆಲ್ಲ ಹಂಚಿದ್ರು. ಹಸಿ ಮಡಕೆ ಕೇಳ್ಬೇಕಾ? ಅರ್ಧ ಮಜ್ಜಿಗೆ, ಅರ್ಧ ಕೆಸರು.

ಮಂತ್ರಿ ಕಣ್ಮುಚ್ಕೊಂಡು ನುಂಗ್ದ. "ಆಹಾ, ಮೊದಲ ಮಳೆ ಘಮ, ಪ್ರಭು!"

ದೊರೆ ಚಿಕ್ಕೀರಯ್ಯನ ಕಡೆ ತಿರುಗಿದ್ರು. ದರ್ಬಾರಲ್ಲಿ ಬಾಯಿಗೆ ಬೀಗ ಇಲ್ಲದೋನು ಅಂದ್ರೆ ಅವನೊಬ್ಬ.

"ಏನ್ಲಾ ಚಿಕ್ಕೀರ, ಹೆಂಗೈತೆ ಮಜ್ಜಿಗೆ?"

"ಬಲು ಉಳಿತಾಯದ್ದು, ಬುದ್ಧಿ. ಕುಡಿದು ಮಿಕ್ಕಿದ್ರಲ್ಲಿ ಗೋಡೆ ಮೆತ್ತಬಹುದು."

ದೊರೆಗೆ ಅದೂ ಹೊಗಳಿಕೆ ಥರಾನೇ ಕೇಳಿಸ್ತು. ಉಬ್ಬಿಹೋಗಿ ಅಲ್ಲೇ ಅಪ್ಪಣೆ ಮಾಡಿದ್ರು. "ದೊರೆಯಾದ ನಾನೇ ಮಡಕೆ ಮಾಡ್ದೆ ಅಂದ್ಮೇಲೆ ಊರಿಗೆ ಕುಂಬಾರ ಯಾಕೆ? ಬಡಗಿ ಯಾಕೆ? ಕ್ಷೌರದೋನು ಯಾಕೆ? ಈ ಸುಗ್ಗಿಯಿಂದ ಆಯ ಬಂದ್!"

ಆಯ ಅಂದ್ರೆ ಏನು ಸಾಮಾನ್ಯವಾ? ಇವರೆಲ್ಲ ವರ್ಷಪೂರ್ತಿ ಊರಿಗೆ ದುಡೀತಾರೆ. ಸುಗ್ಗೀಲಿ ರೈತರು ಕಣದಲ್ಲೇ ಮೊರ ತುಂಬಾ ಕಾಳು ಕೊಡ್ತಾರೆ. ಅವರ ವರ್ಷದ ಊಟ ಅದು.

ಸಂಜೆಗೆ ಕುಂಬಾರ ಚನ್ನಾಜಮ್ಮ ನಮ್ಮ ಜಗಲಿಗೆ ಬಂದು ಕುಸಿದಳು. ಗಂಡ ಇಲ್ಲ, ಎರಡು ಹೆಣ್ಮಕ್ಕಳು. ಹಾದೀಲಿ ಹೋಗ್ತಿದ್ದ ಚಿಕ್ಕೀರಯ್ಯನ್ನ ನಾನೇ ಕೂಗಿ ನಿಲ್ಲಿಸ್ದೆ.

"ಅಣ್ಣಯ್ಯ, ಆಯ ನಿಂತ್ರೆ ಒಲೆ ಮೇಲೆ ಏನಿಡ್ಲಿ? ನಾನು ಮಾಡಿದ ಬರೀ ಮಡಕೇನಾ?" ಅಂದಳು ಅವಳು.

"ಕಣದ ದಿನದವರೆಗೂ ತಡಕೊಳ್ಳವ್ವ," ಅಂದ ಚಿಕ್ಕೀರಯ್ಯ. ಅಷ್ಟೇ. ನಾನು ಎಷ್ಟು ಕೆದಕಿದ್ರೂ ಬಾಯಿ ಬಿಡ್ಲಿಲ್ಲ. ನನಗೆ ಆ ರಾತ್ರಿ ಅನ್ನ ಸೇರ್ಲಿಲ್ಲ.

ಮರುದಿನ ಚಿಕ್ಕೀರಯ್ಯ ದರ್ಬಾರಲ್ಲಿ ಕೈಮುಗಿದ. "ಬುದ್ಧಿ, ನಿಮ್ಮ ಅಪ್ಪಣೆ ಚಿನ್ನದಂಥದ್ದು. ಆದ್ರೆ ಜನ ಕಳ್ಳರು, ಸಂದು ಹುಡುಕ್ತಾರೆ. ಗಟ್ಟಿ ಮಾಡಿ."

"ಮಾಡೋಣ! ಮನೇಲಿ ಮಾಡ್ಕೊಳ್ಳೋಕಾಗೋದನ್ನ ಹೊರಗಿನೋರ ಕೈಲಿ ಮಾಡಿಸಿ, ಅದಕ್ಕೆ ಯಾರು ಒಂದು ಕಾಳು ಕೊಟ್ರೂ ಊರು ಬಿಡಿಸ್ತೀನಿ!"

"ಯಾರಿಗೆ ಕೊಟ್ರೂನಾ ಬುದ್ಧಿ?"

"ಯಾರಿಗೆ ಕೊಟ್ರೂ!"

"ಹಂಗಂತ ಡಂಗುರ ಹೊಡೆಸಿಬಿಡಿ."

ಹೊಡೆಸಿದ್ರು.

ಸುಗ್ಗಿ ಬಂತು. ನಮ್ಮೂರಲ್ಲಿ ಕಣದ ಮೊದಲ ರಾಶಿ ದೊರೆ ಪಾಲು. ದೊರೆ ಬಂದು ಬೇವಿನ ಮರದಡಿ ಕೂತ್ಕೋಬೇಕು, ರೈತರು ಹಾರ ಹಾಕಿ ಕಾಳು ಅಳೀಬೇಕು. ಆವತ್ತೂ ದೊರೆ ಖಾಲಿ ಗಾಡಿಗಳ ಸಾಲು ಕಟ್ಟಿಸ್ಕೊಂಡು ಬಂದ್ರು. ತಮ್ಮ ಕ್ಷೌರ ತಾವೇ ಮಾಡ್ಕೊಂಡಿದ್ರಿಂದ ಮೀಸೆ ಒಂದು ಕಡೆ ದಪ್ಪ, ಇನ್ನೊಂದು ಕಡೆ ಇದ್ಯೋ ಇಲ್ವೋ.

ಬಂದು ನೋಡಿದ್ರೆ ಬೇವಿನ ಮರದಡಿ ಆಗ್ಲೇ ಒಬ್ಬ ದೊರೆ ನಿಂತವನೆ! ಹುಲ್ಲಿನ ಹೊಟ್ಟೆ, ಹರಕು ಕಂಬಳಿ ಅಂಗಿ, ಸೋರೆಬುರುಡೆ ತಲೆ, ಅದಕ್ಕೆ ಮಸೀಲಿ ಬರೆದ ಮೀಸೆ. ಕೊರಳಲ್ಲಿ ಚೆಂಡು ಹೂವಿನ ಹಾರ. ರೈತರು ಅದರ ಮುಂದೆ ಕೈಕಟ್ಕೊಂಡು ನಿಂತವ್ರೆ.

"ಏನ್ರಲಾ ಇದು?"

ರೈತರೆಲ್ಲ ಚಿಕ್ಕೀರಯ್ಯನ್ನ ಮುಂದಕ್ಕೆ ತಳ್ಳಿದ್ರು.

"ನಿಮ್ಮ ಅಪ್ಪಣೆ ಬುದ್ಧಿ. ಊರು ಕಾಯೋಕೆ ಅಂತ ತಾನೇ ದೊರೆಗೆ ಪಾಲು ಕೊಡೋದು? ಕಾಯೋನ್ನ ಇವರು ಮನೇಲೇ ಮಾಡ್ಕೊಂಡ್ರು. ಖರ್ಚು ಏನೇನೂ ಇಲ್ಲ."

"ಆ ಬೆರ್ಚಪ್ಪ ಏನ್ಲಾ ಕಾಯ್ತಾನೆ?"

"ಬಿತ್ತಿದಾಗಿಂದ ಕುಯ್ಲಿನವರೆಗೂ ಹೊಲದಲ್ಲೇ ನಿಂತಿದ್ದ. ಒಂದು ಕಾಗೆ ಇಳಿದಿಲ್ಲ. ತಾವು ಆಗ ಮಡಕೆ ಮಾಡ್ತಿದ್ರಿ."

"ನನ್ನ ಪಾಲು?"

"ಕೊಡೋಕೆ ಅವರಿಗೂ ಆಸೆ. ಒಂದು ಕಾಳು ಕೊಟ್ರೂ ಊರು ಬಿಡ್ಬೇಕಲ್ಲ! ಈ ಕಣದಲ್ಲಿ ಆಯ ತಗೊಳ್ಳೋರಲ್ಲಿ ಮೊದಲನೆಯವರು ತಾವು ಬುದ್ಧಿ. ಚನ್ನಾಜಮ್ಮನ ಸರದಿ ನಿಮ್ಮ ಹಿಂದೆ. ಮುಂದಿನೋರಿಗೇ ಇಲ್ಲ ಅಂದ್ಮೇಲೆ ಹಿಂದಿನೋರು ಯಾಕೆ ಅಳ್ತಾರೆ?"

ದೊರೆ ಖಾಲಿ ಗಾಡಿ ನೋಡಿದ್ರು, ಬೆರ್ಚಪ್ಪನ್ನ ನೋಡಿದ್ರು. ಅದರ ಮೀಸೆ ಎರಡು ಕಡೇನೂ ಸಮವಾಗಿತ್ತು. ತಮ್ಮ ಮೀಸೆ ಮುಟ್ಟಿ ನೋಡ್ಕೊಂಡ್ರು. ಆಮೇಲೆ ನಗು ತಡೆಯೋಕಾಗ್ದೆ ಹೊಟ್ಟೆ ಹಿಡ್ಕೊಂಡು ಕಲ್ಲಿನ ಮೇಲೆ ಕೂತ್ಬಿಟ್ರು.

"ಸಾಕು ಕಣ್ಲಾ! ಆಯ ಮೊದಲಿನ ಹಂಗೇ ನಡೀಲಿ. ಇವತ್ತು ಮೊದಲ ಮೊರ ಚನ್ನಾಜಮ್ಮಂಗೆ ಅಳೀರಿ, ಆಮೇಲೆ ನನಗೆ. ಈ ಚಿಕ್ಕೀರನಿಗೊಂದು ಶಾಲು ಹೊದಿಸಿ. ಅಂಗಡಿಯಿಂದ ತನ್ನಿ, ನಾನು ನೇಯಲ್ಲ! ಮೊದಲು ಆ ಬೆರ್ಚಪ್ಪನ್ನ ಕಿತ್ತು ಬಿಸಾಕಿ."

ಚಿಕ್ಕೀರಯ್ಯ ಅಡ್ಡ ಬಂದ.

"ಬೇಡಿ ಬುದ್ಧಿ, ಇರ್ಲಿ. ತಾವು ಮತ್ತೆ ಕೈಯಾರೆ ಏನಾದ್ರೂ ಮಾಡೋಕೆ ಕೂತಾಗ ರಾಜ್ಯ ನೋಡ್ಕೊಳ್ಳೋಕೆ ಒಬ್ಬರು ಬೇಕಲ್ಲ!"