ಎದ್ದರೆ ಹೋಗುವ ಕಂಬಳಿ

“ಗುರುಗಳೇ, ಸರಿಯೆಂದು ಕಂಡದ್ದಕ್ಕೆ ಕೈ ಎತ್ತಿ ಸೋಲುವುದು ಮೇಲೋ, ಈಗ ಸುಮ್ಮನಿದ್ದು ಉಳಿದುಕೊಂಡು ಮುಂದೆ ಒಳ್ಳೆಯದು ಮಾಡುವುದು ಮೇಲೋ?”

ಕೇಳಿದವನು ಓಬಳೇಶ. ಹಿಂದೆ ಮಠದಲ್ಲಿ ಉಂಡು ಓದಿದವನು, ಈಗ ಶಾಸಕ. ಅವನ ಕ್ಷೇತ್ರ ಅವನ ಪಕ್ಷದ ಕಡೆಯದಲ್ಲ. ಎದುರು ಪಕ್ಷದ ಇಬ್ಬರು ತಮ್ಮ ತಮ್ಮಲ್ಲೇ ಕಚ್ಚಾಡಿ ಮತ ಒಡೆದುಕೊಂಡಿದ್ದರಿಂದ ಇವನು ಕೂದಲೆಳೆಯ ಅಂತರದಲ್ಲಿ ಗೆದ್ದಿದ್ದ. ಹೊಳೆಯಲ್ಲಿ ಮರಳು ತೆಗೆಯುವುದನ್ನು ನಿಲ್ಲಿಸುವ ಮಸೂದೆ ಮಾರನೆಯ ದಿನ ವಿಧಾನಸಭೆಯಲ್ಲಿ ಮತಕ್ಕೆ ಬರುವುದಿತ್ತು. ಹೊಳೆ ಬರಿದಾಗುತ್ತಿರುವುದನ್ನು ಅವನು ಕಣ್ಣಾರೆ ಕಂಡಿದ್ದ. ಆದರೆ ಅವನ ಕ್ಷೇತ್ರದ ಎಷ್ಟೋ ಮನೆಗಳಲ್ಲಿ ಒಲೆ ಉರಿಯುವುದೇ ಮರಳಿನಿಂದ. ಮಸೂದೆಯ ಪರ ನಿಂತರೆ ಮುಂದಿನ ಚುನಾವಣೆಯ ಆಸೆ ಬಿಟ್ಟಂತೆಯೇ.

“ನೀನು ಏನು ಮಾಡಬೇಕೆಂದಿದ್ದೀಯೆ?” ಎಂದರು ಗುರುಗಳು.

“ಎದೆನೋವೆಂದು ಆಸ್ಪತ್ರೆಗೆ ಸೇರಿಕೊಂಡರೆ ಸದನಕ್ಕೆ ಹೋಗುವ ಪ್ರಮೇಯವೇ ಬರುವುದಿಲ್ಲ. ಡಾಕ್ಟರಿಗೆ ಹೇಳಿಟ್ಟಿದ್ದೇನೆ.”

“ನಿನಗೆ ಎದೆ ಇದೆಯೆಂದು ಡಾಕ್ಟರು ಒಪ್ಪಿದರಲ್ಲ, ಸದ್ಯ” ಎಂದು ಗುರುಗಳು ನಕ್ಕರು. ಓಬಳೇಶನಿಗೆ ನಗು ಬರಲಿಲ್ಲ. ಗುರುಗಳು ಅವನನ್ನು ಕೂರಲು ಹೇಳಿ ಕತೆ ಆರಂಭಿಸಿದರು.

ಒಂದು ಊರಿನಲ್ಲಿ ಒಬ್ಬ ರೈತನಿದ್ದ. ಆ ಊರಿಗೆ ಮೂರು ಕೇರಿ, ಮೂರು ಕೇರಿಗೂ ಒಂದೇ ಕೆರೆ. ಕೆರೆಯ ವಿಚಾರ ಬಂದಾಗ ಕೇರಿಗೊಬ್ಬ ಯಜಮಾನ ಏರಿಯ ಮೇಲೆ ಬಂದು ಕಂಬಳಿ ಹಾಸಿ ಕೂರುತ್ತಿದ್ದ. ಆ ಕಂಬಳಿ ಅವನ ಸ್ವಂತದ್ದಲ್ಲ. ಕೇರಿಯ ಮನೆಮನೆಯವರೂ ಉಣ್ಣೆ ಕೊಟ್ಟು ನೇಯಿಸಿದ್ದು. ಕೆರೆಗೆ ಏನೇ ಕೆಲಸವಾಗಬೇಕಾದರೂ ಮೂವರಲ್ಲಿ ಇಬ್ಬರು ಯಜಮಾನರಾದರೂ ಕಂಬಳಿ ಬಿಟ್ಟು ಎದ್ದು ನಿಲ್ಲಬೇಕಿತ್ತು. ಎದ್ದು ನಿಂತರೆ ಒಪ್ಪಿಗೆ, ಕುಳಿತೇ ಇದ್ದರೆ ಇಲ್ಲ. ಯಜಮಾನ ಎದ್ದದ್ದು ಕೇರಿಗೆ ಹಿಡಿಸದಿದ್ದರೆ, ಅವನು ನಿಂತಿರುವಾಗಲೇ ಕೇರಿಯವರು ಬಂದು ಕಂಬಳಿ ಮಡಿಸಿಕೊಂಡು ಹೋಗಬಹುದು. ಅಲ್ಲಿಗೆ ಅವನ ಯಜಮಾನಿಕೆ ಮುಗಿಯಿತು. ಆದರೆ ಕುಳಿತಿರುವವನ ಕಂಬಳಿಯನ್ನು ಯಾರೂ ಮುಟ್ಟುವಂತಿರಲಿಲ್ಲ.

ಈ ಕಟ್ಟಳೆ ಮಾಡಿದ ಹಿರಿಯರು ಬುದ್ಧಿವಂತರು. ಆದರೆ ಬುದ್ಧಿವಂತರು ಅವರ ನಂತರವೂ ಹುಟ್ಟುತ್ತಾರಲ್ಲ! ನಡುಗೇರಿಯ ಯಜಮಾನನಾಗಿದ್ದ ಒಬ್ಬ ವ್ಯಾಪಾರಿ ಏಳುವುದನ್ನೇ ಬಿಟ್ಟಿದ್ದ. ಸಭೆಗೆ ಎಲ್ಲರಿಗಿಂತ ಮೊದಲು ಬಂದು ಕೂರುತ್ತಿದ್ದ, ಎಲ್ಲರೂ ಹೋದ ಮೇಲೆ ಕಂಬಳಿ ಸುತ್ತಿ ಹೆಗಲಿಗೆ ಹಾಕಿಕೊಂಡು ಹೋಗುತ್ತಿದ್ದ. ಅವನ ಗಡ್ಡ ಕಪ್ಪಿದ್ದಾಗ ಬಂದ ಯಜಮಾನಿಕೆ ಗಡ್ಡ ಬೆಳ್ಳಗಾದರೂ ಅವನ ಬಳಿಯೇ ಇತ್ತು.

ನಮ್ಮ ರೈತ ಕೆಳಗೇರಿಯ ಯಜಮಾನ. ಹುಟ್ಟಿದ್ದು ಮೇಲುಗೇರಿಯಲ್ಲಿ, ಕೆಳಗೇರಿಗೆ ಮನೆ ಅಳಿಯನಾಗಿ ಬಂದವನು. ಮೇಲುಗೇರಿಗೂ ಕೆಳಗೇರಿಗೂ ಎಣ್ಣೆ ಸೀಗೆಕಾಯಿ ಸಂಬಂಧ. ಅವರು ಹೌದೆಂದರೆ ಇವರು ಅಲ್ಲ ಎನ್ನಬೇಕು. ಹಾಗಿದ್ದೂ ಕೆಳಗೇರಿಯ ಕಂಬಳಿ ಇವನಿಗೆ ಸಿಕ್ಕಿದ್ದು ಹೇಗೆಂದರೆ, ಅಲ್ಲಿನ ಎರಡು ದೊಡ್ಡ ಮನೆಗಳು ಆ ಕಂಬಳಿಗಾಗಿ ಹಟ ಹಿಡಿದು ಕೂತವು. ಆ ಮನೆಗೆ ಹೋಗುವುದಕ್ಕಿಂತ ಈ ಅಳಿಯನಿಗೇ ಹೋಗಲಿ ಎಂದು ಎರಡೂ ಮನೆಯವರು ಹೇಳಿದರು. ಓಬಳೇಶ, ನಿನಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಕೆರೆಯ ಏರಿಯ ಬುಡದಲ್ಲಿ, ತೂಬಿನ ಪಕ್ಕ, ತಾತಂದಿರ ಕಾಲದಿಂದಲೂ ನೀರು ಜಿನುಗುತ್ತಿತ್ತು. ಒಂದು ದಿನ ರೈತ ಅಲ್ಲಿ ಎತ್ತು ತೊಳೆಯಲು ಹೋದಾಗ ಜಿನುಗುವ ನೀರು ಕೆಂಪಗಿತ್ತು. ಮಾರನೆಯ ದಿನವೂ ಹಾಗೆಯೇ. ತಿಳಿನೀರು ಬಂದರೆ ಬರುತ್ತಿರುವುದು ಕೆರೆಯ ನೀರಷ್ಟೇ. ಕೆಂಪುನೀರು ಬಂದರೆ ಏರಿಯ ಮಣ್ಣೇ ಕರಗಿ ಬರುತ್ತಿದೆ ಎಂದು ಅರ್ಥ. ರೈತನಿಗೆ ಭಯವಾಯಿತು. ಏರಿ ಒಡೆದರೆ ಮೊದಲು ಕೊಚ್ಚಿ ಹೋಗುವುದು ಕೆಳಗೇರಿ.

ಅದನ್ನೇ ಮೇಲುಗೇರಿಯ ಯಜಮಾನನೂ ಕಂಡಿದ್ದ. ಕೆರೆ ಬರಿದು ಮಾಡಿ ಏರಿ ಅಗೆದು ಹೊಸದಾಗಿ ಕಟ್ಟೋಣ ಎಂದು ಅವನು ಸಭೆ ಕರೆದ. ಕೆರೆ ಬರಿದು ಮಾಡಿದರೆ ಕೆಳಗೇರಿಯ ಬೇಸಿಗೆ ಬೆಳೆ ಹೋದಂತೆ. ಅದರ ಮೇಲೆ, ಹೇಳಿದವನು ಮೇಲುಗೇರಿಯವನು. ಕೆಳಗೇರಿಗೆ ಇಷ್ಟು ಸಾಕಾಯಿತು. ದನ ಇಳಿದರೆ ನೀರು ಕೆಂಪಗಾಗದೆ ಬೆಳ್ಳಗಾಗುತ್ತದೆಯೇ ಎಂದು ಕೇರಿಯವರು ರೈತನನ್ನು ಗೇಲಿ ಮಾಡಿದರು. ದನ ಇಳಿಯದ ಹೊತ್ತಿನಲ್ಲಿ ಬಂದು ನೋಡಿ ಎಂದು ಅವನು ಗೋಗರೆದ. ಯಾರೂ ಬರಲಿಲ್ಲ.

ರೈತನಿಗೆ ಕಂಬಳಿಯ ಮೇಲೆ ಆಸೆ ಇರಲಿಲ್ಲ ಎಂದರೆ ಸುಳ್ಳಾಗುತ್ತದೆ. ಇತ್ತು, ಚೆನ್ನಾಗಿಯೇ ಇತ್ತು. ಕಂಬಳಿ ಬಂದ ಮೇಲೆ ಜನ ಅವನನ್ನು ಮನೆ ಅಳಿಯ ಎನ್ನುವುದನ್ನು ಬಿಟ್ಟಿದ್ದರು. ಮದುವೆ ಮಾತುಕತೆಗೆ ಕರೆಯುತ್ತಿದ್ದರು. ಅವನ ಹೆಂಡತಿ ಬೀದಿಯಲ್ಲಿ ತಲೆ ಎತ್ತಿ ನಡೆಯುತ್ತಿದ್ದಳು. ಈ ಸಲ ಕೂತುಬಿಟ್ಟರೆ ಕಂಬಳಿ ಉಳಿಯುತ್ತದೆ, ಕೇರಿಯವರನ್ನು ಮೆಲ್ಲಗೆ ಒಪ್ಪಿಸಿ ಮುಂದಿನ ವರ್ಷ ಎದ್ದರಾಯಿತು ಎಂದು ತನಗೆ ತಾನೇ ಹೇಳಿಕೊಂಡ. ನೀನು ಈಗ ನನ್ನನ್ನು ಕೇಳಿದೆಯಲ್ಲ, ಅದೇ ಮಾತು. ಆದರೆ ಕೆಂಪುನೀರಿಗೆ ಮುಂದಿನ ವರ್ಷದವರೆಗೆ ಕಾಯಿ ಎಂದು ಹೇಳುವವರು ಯಾರು?

ತಾನು ಏಳದೆ ಕೆಲಸವಾಗುವ ದಾರಿ ಒಂದಿತ್ತು. ಅವನು ವ್ಯಾಪಾರಿಯ ಅಂಗಡಿಗೆ ಹೋದ.

“ಶೆಟ್ರೇ, ಈ ಸಲ ನೀವು ಎದ್ದುಬಿಡಿ. ನಿಮ್ಮ ಕೇರಿಗೆ ಗದ್ದೆ ಇಲ್ಲ, ನಷ್ಟ ಇಲ್ಲ. ನಿಮ್ಮ ಕಂಬಳಿ ಯಾರೂ ಮುಟ್ಟಲ್ಲ.”

“ನಷ್ಟ ಇಲ್ಲ ಸರಿ, ಲಾಭ ಏನಪ್ಪಾ?” ಎಂದ ವ್ಯಾಪಾರಿ. “ನನ್ನ ಮಾತು ಕೇಳು, ನೀನೂ ಏಳಬೇಡ. ಮಂಡಿ ಹಿಡಕೊಂಡಿದೆ ಅನ್ನು. ಎದ್ದರೆ ತಾನೇ ಅವರು ಮಡಿಸೋದು?”

ರೈತ ಕೇಳಿದ: “ಇಷ್ಟು ವರ್ಷ ಕಂಬಳಿ ನಿಮ್ಮ ಹತ್ರಾನೇ ಇತ್ತಲ್ಲ ಶೆಟ್ರೇ, ಅದರಿಂದ ಏನು ಮಾಡಿದ್ರಿ?”

“ಏನು ಮಾಡಿದ್ರಿ ಅಂದ್ರೆ? ಉಳಿಸಿಕೊಂಡೆ.”

ವ್ಯಾಪಾರಿ ಇದನ್ನು ನಾಚಿಕೆಯಿಂದ ಹೇಳಲಿಲ್ಲ, ಹೆಮ್ಮೆಯಿಂದಲೇ ಹೇಳಿದ. ರೈತನಿಗೆ ಅಷ್ಟು ಸಾಕಾಯಿತು. ಅಲ್ಲಿಂದ ಹೊರಟವನ ಮನಸ್ಸು ಮತ್ತೆ ಅತ್ತಿತ್ತ ಹೊಯ್ದಾಡಲಿಲ್ಲ.

ಮನೆಗೆ ಬಂದು, ಕೊಟ್ಟವರಿಗೆ ಹಿಂದಿರುಗಿಸುವವನಂತೆ ಕಂಬಳಿಯನ್ನು ಕೊಡವಿ ಬಿಸಿಲಿಗೆ ಹರವಿದ. ಹೆಂಡತಿ ನೋಡಿದಳು, ಅವಳಿಗೆ ಅರ್ಥವಾಯಿತು. “ನೀನು ಹುಟ್ಟಿದ ಕೇರಿ ಮೊದಲೇ ಬಿಟ್ಟಾಯ್ತು, ಈಗ ನಾನು ಹುಟ್ಟಿದ ಕೇರೀನೂ ಬಿಡಿಸ್ತೀಯಾ?” ಎಂದು ಅತ್ತಳು. ಅವಳ ಅಳು ನೋಡಿ ಅವನಿಗೂ ಸಂಕಟವಾಯಿತು. ಆದರೂ ಕಂಬಳಿಯನ್ನು ಬಿಸಿಲಿನಿಂದ ತೆಗೆಯಲಿಲ್ಲ. ಸಂಜೆ ಕೆಳಗೇರಿಯ ಮನೆಮನೆಗೂ ಹೋದ. ಕದ್ದು ಮುಚ್ಚಿ ಮಾಡುವುದು ಅವನಿಗೆ ಬೇಡವಾಗಿತ್ತು. ನಾಳೆ ಏಳುತ್ತೇನೆ, ಏಳುವುದು ಇಂಥ ಕಾರಣಕ್ಕೆ ಎಂದು ಒಂದೊಂದು ಬಾಗಿಲಲ್ಲೂ ನಿಂತು ಹೇಳಿದ. ಕೆಲವರು ಬೈದರು. ಕೆಲವರು ಬಾಗಿಲು ಹಾಕಿಕೊಂಡರು. ಕಂಬಳಿ ಮಡಿಸೋಕೆ ನಾವು ತಯಾರಾಗಿ ಬರ್ತೀವಿ ಎಂದು ಒಬ್ಬ ಹೆದರಿಸಿದ. “ಇಬ್ಬರು ಬನ್ನಿ, ಒಬ್ಬರಿಗೆ ಭಾರ ಆಗುತ್ತೆ” ಎಂದ ರೈತ.

ಮಾರನೆಯ ದಿನ ಏರಿಯ ಮೇಲೆ ಊರಿಗೆ ಊರೇ ಸೇರಿತು. ಮೇಲುಗೇರಿಯ ಯಜಮಾನ ಎದ್ದು ನಿಂತ. ವ್ಯಾಪಾರಿ ಎಂದಿನಂತೆ ಕೂತೇ ಇದ್ದ. ಎಲ್ಲರ ಕಣ್ಣೂ ರೈತನ ಮೇಲಿತ್ತು. ಅವನು ಒಮ್ಮೆ ಕಂಬಳಿಯ ಮೇಲೆ ಕೈಯಾಡಿಸಿದ. ಎದ್ದ. ಅವನು ನೆಟ್ಟಗೆ ನಿಲ್ಲುವಷ್ಟರಲ್ಲಿ ಕೆಳಗೇರಿಯವರು ಕಂಬಳಿ ಎಳೆದುಕೊಂಡಿದ್ದರು. ಮಡಿಸಲು ಇಬ್ಬರೇ ಬಂದಿದ್ದರು.

ತೂಬು ತೆಗೆದು ಕೆರೆ ಬರಿದು ಮಾಡಿದರು. ಏರಿ ಅಗೆಯುವಾಗ ಮೇಲಿನ ಮಣ್ಣು ಕುಸಿದು ಒಳಗಿನದನ್ನೆಲ್ಲ ಮುಚ್ಚಿಕೊಂಡಿತು. ಒಳಗೆ ಪೊಳ್ಳಾಗಿತ್ತೋ ಇಲ್ಲವೋ ಯಾರಿಗೂ ಕಾಣಲಿಲ್ಲ. ಕಂಡದ್ದು ಒದ್ದೆ ಮಣ್ಣು ಮಾತ್ರ. ಈ ಒದ್ದೆ ಮಣ್ಣಿಗಾಗಿ ನಮ್ಮ ಬೆಳೆ ಹೋಯಿತೇ ಎಂದು ಕೆಳಗೇರಿಯವರು ಕಿಡಿಕಾರಿದರು. ರೈತ ಅವರ ಜೊತೆಯಲ್ಲೇ ಜೇಡಿಮಣ್ಣು ಹೊತ್ತು ಹಾಕಿ ಗುದ್ದಿದ. ಮಧ್ಯಾಹ್ನ ಎಲ್ಲರೂ ಒಟ್ಟಿಗೆ ಬುತ್ತಿ ಬಿಚ್ಚಿದರೆ ಅವನು ದೂರದಲ್ಲಿ ಒಬ್ಬನೇ ಕೂತು ಉಂಡ.

ಆ ಮಳೆಗಾಲದಲ್ಲಿ ಹಿಂದೆಂದೂ ಕಾಣದಂಥ ಮಳೆ ಬಂತು. ಕೆರೆ ತುಂಬಿ ಕೋಡಿ ಹರಿಯಿತು. ಏರಿ ಗಟ್ಟಿಯಾಗಿ ನಿಂತಿತು. ಕೆಳಗೇರಿಯವರು ಕೋಡಿ ನೋಡಲು ಬಂದರು. ಇಷ್ಟು ಮಳೆ ಬಂದರೂ ಏನೂ ಆಗಲಿಲ್ಲ, ಅಳಿಯ ಸುಮ್ಮನೆ ಹೆದರಿಸಿ ನಮ್ಮ ಬೆಳೆ ತಿಂದ ಎಂದುಕೊಂಡು ಮನೆಗೆ ಹೋದರು. ನಾಟಿಯ ಕಾಲಕ್ಕೆ ಅವನ ಗದ್ದೆಗೆ, ಕೆಲಸಕ್ಕೆ ಪ್ರತಿಯಾಗಿ ಕೆಲಸ ಮಾಡುವ ಮುಯ್ಯಾಳು ಒಬ್ಬರೂ ಬರಲಿಲ್ಲ. ಗಂಡ ಹೆಂಡತಿ ಇಬ್ಬರೇ ನಾಟಿ ಮುಗಿಸಿದರು. ಮೇಲುಗೇರಿಯವರು ಭೇಷ್ ಎಂದು ಬೆನ್ನು ತಟ್ಟಿದರು, ಮನೆಗೆ ಮಾತ್ರ ಕರೆಯಲಿಲ್ಲ.

ರೈತ ಬದುಕಿರುವವರೆಗೂ ಎತ್ತು ತೊಳೆಯಲು ಏರಿಯ ಬುಡಕ್ಕೇ ಹೋಗುತ್ತಿದ್ದ. ಎತ್ತು ಇಳಿಸುವ ಮೊದಲು ಬಗ್ಗಿ ಜಿನುಗುನೀರನ್ನು ನೋಡುತ್ತಿದ್ದ. ನೀರು ತಿಳಿಯಾಗಿರುತ್ತಿತ್ತು.

ಗುರುಗಳು ಕತೆ ನಿಲ್ಲಿಸಿದರು. ಓಬಳೇಶ ಇನ್ನೂ ಏನೋ ಬರುತ್ತದೆ ಎಂದು ಕಾದ. ಬರಲಿಲ್ಲ.

“ಅವನಿಗೆ ಕಂಬಳಿ ಮತ್ತೆ ಸಿಕ್ಕಿತೇ?” ಎಂದು ಕೇಳಿದ.

“ಇಲ್ಲ.”

“ಅವನು ಮಾಡಿದ್ದೇ ಸರಿಯೆಂದು ಕೇರಿಯವರು ಒಂದು ದಿನವಾದರೂ ಒಪ್ಪಿದರೇ?”

“ಒಪ್ಪಲಿಲ್ಲ. ಒಡೆಯದ ಏರಿಯನ್ನು ತೋರಿಸಿ ಏನೆಂದು ಒಪ್ಪಿಸುತ್ತೀಯೆ?”

ಓಬಳೇಶನಿಗೆ ಸಿಟ್ಟೇ ಬಂತು. ಆ ರೈತನಿಗಾಗಿಯೋ ತನಗಾಗಿಯೋ ಅವನಿಗೇ ತಿಳಿಯಲಿಲ್ಲ. “ಇದೆಂಥ ಕತೆ ಗುರುಗಳೇ! ಆ ವ್ಯಾಪಾರಿ ಕಂಬಳಿಯನ್ನಾದರೂ ಉಳಿಸಿಕೊಂಡ. ಇವನು ಉಳಿಸಿಕೊಂಡದ್ದು ಏನು?”

“ಊರು” ಎಂದರು ಗುರುಗಳು.